ಬ್ಯಾಕಪ್ ಐತಿ, ಆದ್ರ ಯಾವಾಗಿಂದು?

‘ಬ್ಯಾಕಪ್ ಐತೇನು?’ ಎಂದು ಕೇಳಿದರೆ ಎಲ್ಲರೂ ‘ಐತಿ’ ಅನ್ನುತ್ತೇವೆ. ‘ಯಾವಾಗಿಂದು? ಎಷ್ಟು ದಿನ ಇರ್ತೈತಿ? ಯಾರು ಅಳಿಸಬಹುದು?’ ಎಂದರೆ ಮಾತು ನಿಲ್ಲುತ್ತದೆ. ಐಟಿ ಕೆಲಸ ಹುಡುಕುವ ನಮಗೆ ಈ ಮೂರು ಪ್ರಶ್ನೆಗಳ ಉತ್ತರ ಗೊತ್ತಿರಬೇಕು.

2024ರ ಮಾರ್ಚ್ 11ರಂದು ಮೆಣಸಿನಕಾಯಿ ದರ ಕುಸಿದು, ಸಿಟ್ಟು ಭುಗಿಲೆದ್ದು, ನಮ್ಮ ಬ್ಯಾಡಗಿಯ ಎಪಿಎಂಸಿ ಕಚೇರಿಗೆ ಬೆಂಕಿ ಬಿತ್ತು. ಯಾವುದೇ ಕಚೇರಿಯ ಲೆಕ್ಕಪತ್ರದ ಇನ್ನೊಂದು ಪ್ರತಿ ಹಾವೇರಿಯಲ್ಲೋ ರಾಣೇಬೆನ್ನೂರಿನಲ್ಲೋ ಇದ್ದರೆ ಬೆಂಕಿಯಿಂದ ಬಚಾವು. ಆದರೆ ರ‍್ಯಾನ್ಸಮ್‌ವೇರ್ ದಾಳಿಗೆ ಊರಿನ ಹಂಗಿಲ್ಲ. 2022ರ ನವೆಂಬರ್‌ನಲ್ಲಿ ದೆಹಲಿಯ ಏಮ್ಸ್ ಆಸ್ಪತ್ರೆಯ ಸರ್ವರ್‌ಗಳಿಗೆ ಇಂಥ ದಾಳಿಯಾದಾಗ ಸಿಬ್ಬಂದಿ ದಿನಗಟ್ಟಲೆ ಕೈಬರಹದಲ್ಲೇ ಕೆಲಸ ಮಾಡಬೇಕಾಯಿತು. ಇಂಥ ದಾಳಿಕೋರರು ಬ್ಯಾಕಪ್ ಸಿಕ್ಕರೆ ಅದನ್ನೂ ಅಳಿಸುತ್ತಾರೆ.

ಅದಕ್ಕೆಂದೇ ಐಬಿಎಂ ತನ್ನ ಫ್ಲ್ಯಾಶ್‌ಸಿಸ್ಟಮ್ ಸ್ಟೋರೇಜ್‌ಗೆ 2021ರಲ್ಲಿ ‘ಸೇಫ್‌ಗಾರ್ಡೆಡ್ ಕಾಪಿ’ ತಂದಿತು. ನಿಗದಿತ ಹೊತ್ತಿಗೆ ಪ್ರತಿ ತಾನೇ ತಯಾರಾಗುತ್ತದೆ. ಅದನ್ನು ಸರ್ವರ್‌ಗೆ ನೇರವಾಗಿ ಜೋಡಿಸಲು ಬರುವುದಿಲ್ಲ. ಅವಧಿ ಮುಗಿಯುವ ಮುಂಚೆ ಸಾಮಾನ್ಯ ಅಡ್ಮಿನ್ ಕೂಡ ಅಳಿಸಲಾಗದು. ಅದರಲ್ಲಿ ಸಿದ್ಧವಾಗಿ ಸಿಗುವ ಒಂದು ಪಾಲಿಸಿಯಲ್ಲಿ 6 ಗಂಟೆಗೊಮ್ಮೆ ಪ್ರತಿ ತಯಾರಾಗಿ 7 ದಿನ ಉಳಿಯುತ್ತದೆ. ಆದರೆ ಈ ಪ್ರತಿ ಇರುವುದು ಅದೇ ಸ್ಟೋರೇಜ್‌ನಲ್ಲಿ. ಹಾಗಾಗಿ ಬೆಂಕಿಯ ಭಯಕ್ಕೆ ಬೇರೆ ಊರಿನ ಪ್ರತಿಯೂ ಬೇಕು.

ಈ ವೇಳಾಪಟ್ಟಿಯನ್ನು ಕಮಾಂಡ್ ಲೈನ್‌ನಲ್ಲಿ ನೋಡಬಹುದು. ಅಲ್ಲಿ ಹೆಚ್ಚಿನ ಕಮಾಂಡ್‌ಗಳ ಮೊದಲೆರಡು ಅಕ್ಷರವೇ ಕೆಲಸ ಹೇಳುತ್ತದೆ: ‘ಎಲ್‌ಎಸ್’ ಎಂದರೆ ತೋರಿಸು, ‘ಎಂಕೆ’ ಎಂದರೆ ಹೊಸದು ಮಾಡು, ‘ಸಿಎಚ್’ ಎಂದರೆ ಬದಲಿಸು, ‘ಆರ್‌ಎಂ’ ಎಂದರೆ ತೆಗೆ. ‘ಎಲ್‌ಎಸ್‌’ನಿಂದ ಶುರುವಾಗುವ ಕಮಾಂಡ್ ಬರೀ ತೋರಿಸುತ್ತದೆ, ಏನನ್ನೂ ಕೆಡಿಸುವುದಿಲ್ಲ. ಹೊಸಬರು ಹೆದರದೆ ಓದಬಹುದು. ಪರದೆಯ ಮೇಲೆ ನೋಡಬೇಕಾದ್ದು ಮೂರು: ಎಷ್ಟು ಹೊತ್ತಿಗೊಮ್ಮೆ, ಯಾವ ಸಮಯಕ್ಕೆ, ಎಷ್ಟು ದಿನ ಉಳಿಯುತ್ತದೆ.

ಇಂಥ ದುಬಾರಿ ಯಂತ್ರ ನಮ್ಮ ಕಾಲೇಜು ಲ್ಯಾಬ್‌ಗಳಲ್ಲಿ ಎಲ್ಲಿ ಸಿಗಬೇಕು? ಚಿಂತೆ ಬೇಡ. ಹಳೇ ಲ್ಯಾಪ್‌ಟಾಪ್‌ಗೆ ಲಿನಕ್ಸ್ ಹಾಕಿ. ‘ಕ್ರಾನ್‌ಟ್ಯಾಬ್ -ಎಲ್’ ಕೊಟ್ಟರೆ ನೀವು ನಿಗದಿ ಮಾಡಿಟ್ಟ ಕೆಲಸಗಳ ಪಟ್ಟಿ ಬರುತ್ತದೆ. ‘ಸಿಸ್ಟಮ್‌ಸಿಟಿಎಲ್ ಲಿಸ್ಟ್-ಟೈಮರ್ಸ್’ ಕೊಟ್ಟರೆ ಹಿಂದಿನ ಸಲ ಯಾವಾಗ ನಡೆಯಿತು, ಮುಂದಿನದು ಯಾವಾಗ ಎಂಬುದೂ ಕಾಣುತ್ತದೆ.

ಒಂದು ಮಾತು ನೆನಪಿರಲಿ. ವೇಳಾಪಟ್ಟಿ ಬಸ್ ನಿಲ್ದಾಣದ ಬೋರ್ಡ್ ಇದ್ದಂತೆ. ಅದರಲ್ಲಿ ಸಮಯ ಬರೆದ ಮಾತ್ರಕ್ಕೆ ಬಸ್ ಬಂದಂತಲ್ಲ. ಪ್ರತಿ ನಿಜಕ್ಕೂ ತಯಾರಾಗಿದೆಯೇ, ಅದರಿಂದ ಫೈಲ್ ವಾಪಸ್ ಬರುತ್ತದೆಯೇ ಎಂದು ಆಗಾಗ ತೆಗೆದು ನೋಡಬೇಕು. ಇಂಟರ್‌ವ್ಯೂನಲ್ಲಿ ಬ್ಯಾಕಪ್ ಬಗ್ಗೆ ಕೇಳಿದರೆ ವ್ಯಾಖ್ಯಾನ ಒಪ್ಪಿಸುವ ಬದಲು ಇಷ್ಟನ್ನು ಮಾಡಿದ್ದೇನೆ ಎಂದು ಹೇಳಿ ನೋಡಿ.