ಬೀಜದ ಬೆಲೆ, ಗಡ್ಡೆಯ ಕಣ್ಣು

ಒಂದು ಗ್ರಾಂ ಟೊಮೆಟೊ ಬೀಜ ಎಂದರೆ ಹೆಚ್ಚುಕಡಿಮೆ 300 ಬೀಜ. ನಾಲ್ಕು ಜನರ ಮನೆಗೆ ಆರೇಳು ಗಿಡ ಧಾರಾಳ ಸಾಕು. ಬೆಂಡೆಯ ಕಥೆ ಬೇರೆ. ಅದರ ಬೀಜ ದಪ್ಪ, ಗ್ರಾಂಗೆ ಹದಿನೈದು ಇಪ್ಪತ್ತು ಬಂದರೆ ಹೆಚ್ಚು. ಹರಿವೆಯದೋ ಸಾಸಿವೆಗಿಂತಲೂ ಸಣ್ಣದು, ಗ್ರಾಂಗೆ ಸಾವಿರ ದಾಟುತ್ತದೆ. ಹೂಕುಂಡ ಮಾರುವ ಅಂಗಡಿಯಲ್ಲಿ ಮೂರಕ್ಕೂ ಒಂದೇ ಅಳತೆಯ, ಒಂದೇ ಬೆಲೆಯ, ಚಂದದ ಚಿತ್ರವಿರುವ ಪೊಟ್ಟಣ. ಒಳಗೆ ಎಷ್ಟು ಬೀಜವಿದೆ ಎಂಬುದನ್ನು ಓದದೆ ಕೊಂಡವರು ಒಂದೊಂದು ಬೀಜಕ್ಕೂ ಒಂದೆರಡು ರೂಪಾಯಿ ತೆತ್ತಿರುತ್ತಾರೆ. ಅದೇ ಊರಿನ ಗೊಬ್ಬರದಂಗಡಿಯಲ್ಲಿ ರೈತರಿಗೆಂದು ಇಟ್ಟ 10 ಗ್ರಾಂ ಪೊಟ್ಟಣ ಓಣಿಗೆಲ್ಲ ಹಂಚಿದರೂ ಮುಗಿಯುವುದಿಲ್ಲ. ಇವೆರಡರ ನಡುವೆ ಮನೆಗೆ ಒಗ್ಗುವ ಬೀಜ ಸಿಗುವ ಜಾಗಗಳು ಕರ್ನಾಟಕದಲ್ಲಿ ಸಾಕಷ್ಟಿವೆ. ಬಹುಪಾಲು ಸರ್ಕಾರಿ ಸಂಸ್ಥೆಗಳಾದ್ದರಿಂದ ಪ್ರಚಾರ ಮಾತ್ರ ಕಡಿಮೆ.

ಮೊದಲು ನೆನಪಾಗಬೇಕಾದ್ದು ಬೆಂಗಳೂರಿನ ಹೊರವಲಯದ ಹೆಸರಘಟ್ಟ. ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಇಲ್ಲಿ ಶುರುವಾದದ್ದು 1967ರಲ್ಲಿ. ಪಕ್ಕದಲ್ಲೇ ಹರಿಯುವ ಅರ್ಕಾವತಿಯ ಹೆಸರನ್ನೇ ಸಂಸ್ಥೆ ತನ್ನ ತಳಿಗಳಿಗೆ ಇಟ್ಟುಕೊಂಡು ಬಂದಿದೆ. ಟೊಮೆಟೊದಲ್ಲಿ ಅರ್ಕಾ ವಿಕಾಸ್, ಹುರುಳಿಕಾಯಿಯಲ್ಲಿ ಅರ್ಕಾ ಕೋಮಲ್, ಈರುಳ್ಳಿಯಲ್ಲಿ ಅರ್ಕಾ ಕಲ್ಯಾಣ್, ಹರಿವೆಯಲ್ಲಿ ಅರ್ಕಾ ಸುಗುಣ. ಸಂಸ್ಥೆಯ ಮಾರಾಟ ಕೇಂದ್ರದಲ್ಲಿ ಸಣ್ಣ ಪೊಟ್ಟಣಗಳೂ ಸಿಗುತ್ತವೆ, ಆನ್‌ಲೈನಿನಲ್ಲಿ ಹಣ ಕಟ್ಟಿ ತರಿಸಿಕೊಳ್ಳಲೂಬಹುದು.

ಹಿತ್ತಲಿನವರಿಗೆ ಅರ್ಕಾ ತಳಿಗಳಲ್ಲಿ ಎರಡು ಬೆಳೆಗಳ ಕಥೆ ಗೊತ್ತಿದ್ದರೆ ಒಳ್ಳೆಯದು. ಬೆಂಡೆ ಬೆಳೆದವರಿಗೆಲ್ಲ ಹಳದಿ ನಂಜು ರೋಗದ ಪರಿಚಯವಿದೆ. ಬಿಳಿನೊಣ ಹೊತ್ತು ತರುವ ಈ ನಂಜಿಗೆ ಎಲೆಯ ನರಗಳು ಹಳದಿಗೆ ತಿರುಗಿ ಕಾಯಿ ಬೆಳ್ಳಗೆ ನಾರಾಗುತ್ತದೆ. ಕಾಡುಬೆಂಡೆಯ ಜಾತಿಯೊಂದರಿಂದ ತಾಳಿಕೆಯ ಗುಣ ತಂದು ಊರಬೆಂಡೆಗೆ ಸೇರಿಸಿ ಹೆಸರಘಟ್ಟದಲ್ಲಿ ಮಾಡಿದ ತಳಿ ಅರ್ಕಾ ಅನಾಮಿಕ. ಇತ್ತೀಚೆಗೆ ಕೆಲವೆಡೆ ಅದರ ತಾಳಿಕೆ ಕುಗ್ಗಿದೆ ಎಂಬ ದೂರಿದೆ. ಆದರೂ ಕುಂಡದಲ್ಲಿ ನಾಲ್ಕು ಗಿಡ ಹಾಕುವವರಿಗೆ ಮೊದಲ ಆಯ್ಕೆಯಾಗಿ ಇದು ಮೋಸವಿಲ್ಲ. ಇನ್ನೊಂದು ಅವರೆ. ಊರ ಅವರೆ ಹಗಲು ಚಿಕ್ಕದಾಗದ ಹೊರತು ಹೂ ಬಿಡುವುದಿಲ್ಲ. ಬೇಸಿಗೆಯಲ್ಲಿ ಬಿತ್ತಿದವರಿಗೆ ದಕ್ಕುವುದು ಬಳ್ಳಿ ಮತ್ತು ಸೊಪ್ಪು ಮಾತ್ರ. ಅರ್ಕಾ ಜಯ್, ಅರ್ಕಾ ವಿಜಯ್ ತಳಿಗಳಿಗೆ ಹಗಲಿನ ಉದ್ದದ ಹಂಗಿಲ್ಲ. ಚಪ್ಪರವೂ ಬೇಡದ ಗಿಡ್ಡ ಗಿಡಗಳು, ಯಾವ ಕಾಲದಲ್ಲಾದರೂ ಕಾಯಿ ಕೊಡುತ್ತವೆ.

ಒಂದು ಎಚ್ಚರಿಕೆ. ಅರ್ಕಾ ಎಂದಿದ್ದ ಮಾತ್ರಕ್ಕೆ ಎಲ್ಲವೂ ಬೀಜ ಉಳಿಸಿಕೊಳ್ಳುವ ತಳಿಗಳಲ್ಲ. ಮೂರು ರೋಗ ತಾಳುವ ಅರ್ಕಾ ರಕ್ಷಕ್ ಟೊಮೆಟೊ ಹೈಬ್ರಿಡ್. ಅದರ ಹಣ್ಣಿನ ಬೀಜ ಬಿತ್ತಿದರೆ ಒಂದೊಂದು ಗಿಡ ಒಂದೊಂದು ತರ ಬರುತ್ತದೆ. ಸಂತೆಯಲ್ಲಿ ಕೊಂಡ ಟೊಮೆಟೊ ಹಿಂಡಿ ಬೀಜ ತೆಗೆದವರ ಅನುಭವವೂ ಇದೇ.

ಹಾಗಾದರೆ ಪೊಟ್ಟಣ ಕೊಳ್ಳುವಾಗ ಏನು ನೋಡಬೇಕು? ಮುಂದಿನ ಚಿತ್ರವನ್ನಲ್ಲ, ಹಿಂದಿನ ಸಣ್ಣ ಅಕ್ಷರಗಳನ್ನು. 1966ರ ಬೀಜ ಕಾಯ್ದೆ ಬಂದ ಮೇಲೆ ಮೊಳಕೆ ಪ್ರಮಾಣ, ಶುದ್ಧತೆ, ಪರೀಕ್ಷೆಯ ದಿನಾಂಕ, ಲಾಟ್ ಸಂಖ್ಯೆಗಳನ್ನು ಚೀಟಿಯಲ್ಲಿ ನಮೂದಿಸುವುದು ಕಡ್ಡಾಯವಾಯಿತು. ಚೀಟಿಯ ಬಣ್ಣವೂ ಮಾತಾಡುತ್ತದೆ. ಬಿಳಿಯದು ಮೂಲ ಬೀಜ, ನೀಲಿಯದು ಸರ್ಕಾರಿ ಸಂಸ್ಥೆ ಹೊಲಕ್ಕೆ ಹೋಗಿ ನೋಡಿ ಒಪ್ಪಿದ ಪ್ರಮಾಣಿತ ಬೀಜ, ತಿಳಿ ಹಸಿರಿನದು ಬೆಳೆಸಿದವರೇ ತಮ್ಮ ಹೊಣೆಯ ಮೇಲೆ ಗುಣಮಟ್ಟ ಬರೆದ ನಿಜಚೀಟಿ ಬೀಜ. ಪ್ರಮಾಣಿತ ಎನಿಸಿಕೊಳ್ಳಲು ಟೊಮೆಟೊ, ಬದನೆ, ಈರುಳ್ಳಿ ನೂರಕ್ಕೆ 70 ಮೊಳೆಯಬೇಕು. ಬೆಂಡೆಗೆ 65 ಸಾಕು, ಮೆಣಸಿನಕಾಯಿಗೆ 60. ಹತ್ತು ಮೆಣಸಿನ ಬೀಜ ಹಾಕಿ ಆರು ಮೊಳೆತರೆ ಅಂಗಡಿಯವನನ್ನು ಬೈಯುವಂತಿಲ್ಲ. ಪರೀಕ್ಷೆಯ ದಿನದಿಂದ ಒಂಬತ್ತು ತಿಂಗಳು ಪ್ರಮಾಣಪತ್ರದ ಆಯುಸ್ಸು. ಹಳೆಯ ದಾಸ್ತಾನು ಅರ್ಧ ಬೆಲೆಗೆ ಸಿಕ್ಕಿದರೆ ಅದು ಯಾವ ತರಕಾರಿಯದು ಎಂದು ಕೇಳಬೇಕು. ಟೊಮೆಟೊ ನಾಲ್ಕು ವರ್ಷ ತಡೆಯುತ್ತದೆ, ಈರುಳ್ಳಿ ಬೀಜ ವರ್ಷ ಕಳೆದರೆ ಸೋಲುತ್ತದೆ. ಅನುಮಾನವಿದ್ದರೆ ಹತ್ತು ಬೀಜ ಎಣಿಸಿ ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟು ವಾರ ಕಾದರೆ ಉತ್ತರ ಸಿಗುತ್ತದೆ. ಗುಲಾಬಿ, ಹಸಿರು ಬಣ್ಣ ಮೆತ್ತಿಕೊಂಡ ಬೀಜಕ್ಕೆ ಶಿಲೀಂಧ್ರನಾಶಕ ಸವರಿರುತ್ತದೆ, ಮುಟ್ಟಿದ ಮೇಲೆ ಕೈ ತೊಳೆಯಬೇಕು.

ಎಲ್ಲದಕ್ಕೂ ಪೊಟ್ಟಣವೇ ಬೇಕೆಂದಿಲ್ಲ. ಕಿರಾಣಿ ಅಂಗಡಿಯ ಮೆಂತ್ಯ ನಿರಾತಂಕವಾಗಿ ಮೊಳೆಯುತ್ತದೆ. ಕೊತ್ತಂಬರಿ ಬೀಜವನ್ನು ಚಪ್ಪಲಿಯಡಿ ಮೆಲ್ಲಗೆ ಉಜ್ಜಿ ಎರಡು ಹೋಳು ಮಾಡಿ ಹಾಕಿದರಾಯಿತು. ಬಸಳೆಗೂ ಪುದೀನಕ್ಕೂ ದಂಟು ಸಾಕು.

ಮಲೆನಾಡು, ಕರಾವಳಿಗಳಲ್ಲಿ ಬೀಜಕ್ಕೆ ದುಡ್ಡು ಕೊಡುವುದು ತೀರಾ ಈಚಿನ ಅಭ್ಯಾಸ. ಸೌತೆ ಬೀಜವನ್ನು ಬೂದಿಯಲ್ಲಿ ಕಲಸಿ ಗೋಡೆಗೆ ಅಂಟಿಸುವುದು, ಹೀರೆಯ ಬಲಿತ ಕಾಯಿಯನ್ನು ಒಲೆಯ ಮೇಲಿನ ಅಟ್ಟಕ್ಕೆ ನೇತುಹಾಕುವುದು ಅಲ್ಲಿನ ಹೆಂಗಸರಿಗೆ ಅಡುಗೆಯಷ್ಟೇ ಸಹಜ. ಹೊಗೆ ಹುಳವನ್ನು ದೂರವಿಡುತ್ತದೆ, ಬೂದಿ ತೇವ ಹೀರುತ್ತದೆ. ಬೀಜದ ತೇವ ನೂರಕ್ಕೆ ಒಂದಂಶ ಇಳಿದರೆ ಅದರ ಆಯುಸ್ಸು ಇಮ್ಮಡಿಯಾಗುತ್ತದೆ ಎಂಬ ಬೀಜವಿಜ್ಞಾನದ ಲೆಕ್ಕ ಆ ಅಟ್ಟಕ್ಕೂ ಹೊಂದುತ್ತದೆ. ಶಿರಸಿಯ ಸುತ್ತ ಸುನೀತಾ ರಾವ್ ಅವರು ಹುಟ್ಟುಹಾಕಿದ ‘ವನಸ್ತ್ರೀ’ ಬಳಗ ಇಂಥ ಹಿತ್ತಲ ಬೀಜಗಳನ್ನೇ ಕೂಡಿಟ್ಟು, ಬೆಂಗಳೂರಿನ ಮಲ್ನಾಡ್ ಮೇಳಗಳಿಗೂ ತಂದು ಮಾರಿದೆ. ‘ಸಹಜ ಸಮೃದ್ಧ’ ನಡೆಸುವ ಬೀಜಮೇಳಗಳಲ್ಲಿ ಬದನೆಯದೇ ಹತ್ತಾರು ಬಗೆ ನೋಡಲು ಸಿಗುತ್ತವೆ. ಆದರೆ ಊರ ತಳಿಗೆ ಊರಿನ ಹಂಗು ಇರುತ್ತದೆ. 2011ರಲ್ಲಿ ಭೌಗೋಳಿಕ ಗುರುತು ಪಡೆದ ಉಡುಪಿಯ ಮಟ್ಟುಗುಳ್ಳ ಬದನೆಯನ್ನು ಬಯಲುಸೀಮೆಯ ತಾರಸಿಯಲ್ಲಿ ಬೆಳೆದು ಮಟ್ಟುವಿನ ರುಚಿಯೇ ಬೇಕೆಂದರೆ ಅದು ಆಸೆಬುರುಕತನ.

ಆಲೂಗಡ್ಡೆಗೆ ಬಂದಾಗ ಈ ಲೆಕ್ಕವೆಲ್ಲ ತಲೆಕೆಳಗು. ಅಲ್ಲಿ ಬಿತ್ತುವುದು ಗಡ್ಡೆಯನ್ನೇ. ತಾಯಿಗಿಡದ ನಂಜು, ಕೊಳೆ, ಜಂತು ಎಲ್ಲವೂ ಗಡ್ಡೆಯೊಳಗೆ ಕೂತು ಮುಂದಿನ ಬೆಳೆಗೆ ದಾಟುತ್ತವೆ. ಈ ವ್ಯವಹಾರ ಹೇಗೆಂದು ನೋಡಬೇಕಾದರೆ ಮೇ ತಿಂಗಳಲ್ಲಿ ಹಾಸನದ ಎಪಿಎಂಸಿ ಪ್ರಾಂಗಣಕ್ಕೆ ಹೋಗಬೇಕು. ಪಂಜಾಬಿನ ಜಲಂಧರ್‌ನಿಂದ ಲಾರಿಗಳಲ್ಲಿ ಬಂದು ಶೀತಲಗೃಹಗಳಲ್ಲಿ ಮಲಗಿದ್ದ 50 ಕೆ.ಜಿ. ಚೀಲಗಳು ಮುಂಗಾರು ಬಿತ್ತನೆಗೆ ಹೊರಬರುತ್ತವೆ. ಅನುಭವಸ್ಥ ರೈತ ಚೀಲದ ಬಾಯಿ ಬಿಚ್ಚಿಸಿ, ಮೇಲಿನದನ್ನು ಬಿಟ್ಟು ನಡುವಿನಿಂದ ಗಡ್ಡೆ ಎತ್ತಿ, ಅಡ್ಡಕ್ಕೆ ಕೊಯ್ದು ನೋಡುತ್ತಾನೆ. ಒಳಗೆ ಉಂಗುರದಂತೆ ಕಂದು ಗೆರೆ ಕಂಡು, ಒತ್ತಿದಾಗ ಬಿಳಿ ಲೋಳೆ ಜಿನುಗಿದರೆ ದುಂಡಾಣು ಸೊರಗು ರೋಗ. ಆ ಚೀಲ ಎಷ್ಟು ಅಗ್ಗಕ್ಕೆ ಸಿಕ್ಕರೂ ಬೇಡ, ಹೊಲದ ಮಣ್ಣೇ ಕೆಡುತ್ತದೆ.

ಹಾಸನದಲ್ಲೇ ಬೆಳೆಯುವ ಗಡ್ಡೆಗೆ ಪಂಜಾಬಿನ ಬೀಜವೇಕೆ? ಉತ್ತರ ಭಾರತದ ಬಯಲಿನಲ್ಲಿ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಸಸ್ಯಹೇನು ಕಡಿಮೆ ಎಂಬುದನ್ನು ಕಂಡುಕೊಂಡ ಕೇಂದ್ರೀಯ ಆಲೂಗಡ್ಡೆ ಸಂಶೋಧನಾ ಸಂಸ್ಥೆ ಒಂದು ಉಪಾಯ ಹೂಡಿತು. ನಂಜು ಹರಡುವುದು ಈ ಹೇನೇ. ಅದು ಹೆಚ್ಚುವ ಮೊದಲೇ ಗಿಡದ ಮೇಲ್ಭಾಗ ಕತ್ತರಿಸಿಬಿಟ್ಟರೆ ನಂಜು ಗಡ್ಡೆಗೆ ಇಳಿಯುವುದಿಲ್ಲ. ಚಳಿಯುಳ್ಳ ಪಂಜಾಬಿಗೆ ಇದು ಒಗ್ಗಿತು, ಹಾಸನದ ಹವೆಗೆ ಒಗ್ಗದು. 1968ರಲ್ಲಿ ಬಿಡುಗಡೆಯಾದ ಕುಫ್ರಿ ಜ್ಯೋತಿ ಇಂದಿಗೂ ಇಲ್ಲಿನವರ ಬಾಯಲ್ಲಿ ಸುಮ್ಮನೆ ‘ಜ್ಯೋತಿ’. ಆದರೆ ಮಳೆಗಾಲದ ಅಂಗಮಾರಿಗೆ ಅದು ಹಿಂದಿನಂತೆ ಜಗ್ಗದೆ ನಿಲ್ಲುತ್ತಿಲ್ಲ. ಸೋತ ಎಷ್ಟೋ ಹೊಲಗಳು ಮೆಕ್ಕೆಜೋಳಕ್ಕೂ ಶುಂಠಿಗೂ ಹೋದವು.

ಬಿತ್ತನೆ ಗಡ್ಡೆಯ ಖರ್ಚು ತಗ್ಗಿಸುವ ಹೊಸ ದಾರಿ ಹಾಸನದ ಬಳಿಯ ಸೋಮನಹಳ್ಳಿ ಕಾವಲಿನಲ್ಲಿರುವ ತೋಟಗಾರಿಕೆ ಸಂಶೋಧನಾ ಕೇಂದ್ರದ್ದು. ಅಂಗಾಂಶ ಕೃಷಿಯ ಶುದ್ಧ ಗಿಡದ ತುದಿ ಚಿವುಟಿ ಬೇರು ಬರಿಸಿ, ಟೊಮೆಟೊ ಸಸಿಯಂತೆ ಟ್ರೇನಲ್ಲಿ ಬೆಳೆಸಿ ರೈತರಿಗೆ ಕೊಡುವುದು. ಒಂದು ಸಸಿಯಿಂದ ಹತ್ತಕ್ಕೂ ಹೆಚ್ಚು ಗಡ್ಡೆ ತೆಗೆದು ಮುಂದಿನ ಬಿತ್ತನೆಗೆ ರೈತ ತಾನೇ ಬೀಜ ಮಾಡಿಕೊಳ್ಳಬಹುದು. ನರ್ಸರಿಗಳೂ ಈ ಸಸಿ ಮಾಡುತ್ತಿವೆ. ಟ್ರೇ ಲೆಕ್ಕದಲ್ಲಿ ಸಿಗುವುದರಿಂದ ಹಿತ್ತಲಿನವರಿಗೂ ಹೇಳಿ ಮಾಡಿಸಿದ್ದು.

ಅಡುಗೆಮನೆಯ ಬುಟ್ಟಿಯಲ್ಲಿ ಮೊಳೆತ ಆಲೂಗಡ್ಡೆ ನೆಟ್ಟರೆ ಬರುವುದಿಲ್ಲವೇ? ಬರುತ್ತದೆ, ಒಂದು ಬೆಳೆಗೆ ಅಡ್ಡಿಯಿಲ್ಲ. ಕೆಲವು ಶೀತಲಗೃಹಗಳಲ್ಲಿ ಮೊಳಕೆ ತಡೆಯುವ ರಾಸಾಯನಿಕ ಹಾಕಿರುವುದರಿಂದ ಮಾತ್ರ ಕೆಲವು ಗಡ್ಡೆ ಎಷ್ಟು ಕಾದರೂ ಕಣ್ಣು ಬಿಡುವುದಿಲ್ಲ. ನೆಲದ ತೋಟವಿದ್ದವರು ಇಂಥದನ್ನು ಚೀಲದಲ್ಲೇ ಬೆಳೆಯುವುದು ಕ್ಷೇಮ. ಊಟಿಗೆ ಹೋದವರು ಅಲ್ಲಿಂದ ನೆಡಲೆಂದು ಆಲೂಗಡ್ಡೆ ತರಲೇಬಾರದು. 1961ರಲ್ಲಿ ನೀಲಗಿರಿಯಲ್ಲಿ ಕಂಡ ಕೋಶ ಜಂತುಹುಳು ಮಣ್ಣಿನಲ್ಲಿ ವರ್ಷಾನುಗಟ್ಟಲೆ ಬದುಕುತ್ತದೆ. ಅಲ್ಲಿಂದ ಬಿತ್ತನೆ ಗಡ್ಡೆ ಸಾಗಿಸಲು ನಿರ್ಬಂಧವೂ ಇದೆ.

ಕೊಳ್ಳುವ ಗಡ್ಡೆ ಕೋಳಿಮೊಟ್ಟೆ ಗಾತ್ರದ್ದಾದರೆ ಲೇಸು. ತೂಕ 40ರಿಂದ 50 ಗ್ರಾಂ, ಕಿಲೋಗೆ ಇಪ್ಪತ್ತೈದರವರೆಗೆ ಬರುತ್ತವೆ. ಕೊಯ್ಯದೆ ಇಡಿಯಾಗಿ ನೆಡಬಹುದು. ದೊಡ್ಡದನ್ನು ಕೊಯ್ದರೆ ಹೋಳಿಗೆ ಎರಡು ಮೂರು ಕಣ್ಣು ಉಳಿಯಬೇಕು, ಕೊಯ್ದ ಮೈ ನೆರಳಲ್ಲಿ ಒಂದೆರಡು ದಿನ ಒಣಗಬೇಕು. ಮಳೆಯಲ್ಲಿ ಹಸಿ ಹೋಳು ನೆಟ್ಟರೆ ಕೊಳೆಯುವುದು ಖಚಿತ. ಬೆಂಗಳೂರು, ಮೈಸೂರಿನ ತಾರಸಿಗೆ ಮುಂಗಾರಿಗಿಂತ ನವೆಂಬರ್ ಹಿತ, ರಾತ್ರಿಯ ತಂಪಿಲ್ಲದೆ ಗಡ್ಡೆ ಕಟ್ಟುವುದಿಲ್ಲ. ಕೋಲಾರ, ಚಿಕ್ಕಬಳ್ಳಾಪುರದ ಕಡೆ ಹಿಂಗಾರಿಗೆ ಬಿತ್ತನೆ ಗಡ್ಡೆ ಬರುವುದೂ ಆಗಲೇ. ಚೀಲ ಒಡೆದು ಕಿಲೋ ಲೆಕ್ಕದಲ್ಲಿ ಕೊಡಲು ವ್ಯಾಪಾರಿಗಳು ಸಾಮಾನ್ಯವಾಗಿ ಒಪ್ಪುವುದಿಲ್ಲ. ಅಪಾರ್ಟ್‌ಮೆಂಟಿನ ಹತ್ತು ಮನೆ ಸೇರಿ ಒಂದು ಚೀಲ ತಂದರೆ ಮನೆಗೆ ಐದು ಕಿಲೋ. ನೆಟ್ಟು ಮಿಕ್ಕದ್ದು, ಔಷಧ ಸವರಿರದಿದ್ದರೆ, ಪಲ್ಯಕ್ಕಾಯಿತು.