ನದಿಯಿಲ್ಲದ ನಾಡಿನಲ್ಲಿ ನೀರಾಟ: ಕತಾರ್‌ನ ಜಲೋದ್ಯಾನಗಳ ಕಥೆ



ದೋಹಾದಿಂದ ಲುಸೈಲ್ ಕಡೆ ಹೊರಟವರಿಗೆ ಸಮುದ್ರದ ಪಕ್ಕದಲ್ಲಿ ತೈಲಬಾವಿಯ ಗೋಪುರದಂತಹ ಒಂದು ಎತ್ತರದ ಕಟ್ಟಡ ಕಾಣುತ್ತದೆ. ಅದರ ಸುತ್ತ ಬಣ್ಣಬಣ್ಣದ ಕೊಳವೆಗಳು ಹಾವಿನಂತೆ ಸುತ್ತಿಕೊಂಡಿವೆ. ಅಲ್ಲಿಂದ ತೈಲ ಬರುವುದಿಲ್ಲ, ಬರುವುದು ಕಿರುಚುತ್ತಾ ಜಾರುವ ಮಕ್ಕಳು! ಕತೈಫಾನ್ ಉತ್ತರ ದ್ವೀಪದಲ್ಲಿರುವ ಮೆರ್ಯಾಲ್ ಜಲೋದ್ಯಾನದ ಈ ಗೋಪುರಕ್ಕೆ 'ರಿಗ್ 1938' ಎಂದು ಹೆಸರು. ಎತ್ತರ 85 ಮೀಟರ್. ಇದರಲ್ಲಿರುವ ಅತಿ ಎತ್ತರದ ಜಾರುಬಂಡಿ 76 ಮೀಟರಿಗೂ ಮಿಕ್ಕಿದ್ದು, ಜಗತ್ತಿನ ಅತ್ಯಂತ ಎತ್ತರದ ನೀರಿನ ಜಾರುಬಂಡಿ ಎಂದು ಗಿನ್ನೆಸ್ ದಾಖಲೆಗೆ ಸೇರಿದೆ.

ಜಲೋದ್ಯಾನಕ್ಕೆ ತೈಲದ ಇಸವಿ ಏಕೆ? 1938ರಲ್ಲಿ ಕತಾರ್‌ನ ಪಶ್ಚಿಮ ತೀರದ ದುಖಾನ್‌ನಲ್ಲಿ ಮೊದಲ ತೈಲಬಾವಿಯನ್ನು ಕೊರೆಯಲು ಆರಂಭಿಸಿದರು. ಜಪಾನಿನ ಕೃಷಿಮುತ್ತುಗಳು ಮಾರುಕಟ್ಟೆಗೆ ಬಂದು ಇಲ್ಲಿನ ಮುತ್ತಿನ ವ್ಯಾಪಾರ ನೆಲಕಚ್ಚಿದ್ದ ಕಾಲ ಅದು. ತೈಲವೇನೋ ಸಿಕ್ಕಿತು, ಆದರೆ ಎರಡನೆಯ ಮಹಾಯುದ್ಧ ಅಡ್ಡ ಬಂದು ಬಾವಿಗಳನ್ನು ಮುಚ್ಚಬೇಕಾಯಿತು. ಮೊದಲ ಹಡಗು ತೈಲ ತುಂಬಿಕೊಂಡು ಹೊರಟಿದ್ದು 1949ರ ಡಿಸೆಂಬರ್ ಕೊನೆಗೆ. ನಾವೆಲ್ಲ ಇಲ್ಲಿಗೆ ಬಂದು ಬದುಕು ಕಟ್ಟಿಕೊಂಡಿದ್ದರ ಮೂಲವೂ ಆ ಬಾವಿಯೇ ಅಲ್ಲವೇ?

ಆದರೆ ಈ ಲೇಖಕನ ಅಭಿಪ್ರಾಯದಲ್ಲಿ ಗೋಪುರಕ್ಕಿಂತ ಹೆಚ್ಚು ಬೆರಗಿನ ಸಂಗತಿ ಅದರ ಕೆಳಗಿರುವ ನೀರು. ಕತಾರ್‌ನಲ್ಲಿ ನದಿಯಿಲ್ಲ, ಹಳ್ಳವಿಲ್ಲ. ವರ್ಷಕ್ಕೆ ಸುಮಾರು 80 ಮಿಲಿಮೀಟರ್ ಮಳೆ. ನಮ್ಮ ಆಗುಂಬೆಯಲ್ಲಿ ಆಷಾಢದ ಒಂದೇ ದಿನ ಇದಕ್ಕಿಂತ ಹೆಚ್ಚು ಸುರಿಯುವುದುಂಟು! ಇಲ್ಲಿನ ಮೊದಲ ಸಮುದ್ರನೀರು ಸಿಹಿಗೊಳಿಸುವ ಘಟಕ 1953ರಲ್ಲಿ ಶುರುವಾಯಿತು. ಆಗ ಅದರ ಸಾಮರ್ಥ್ಯ ದಿನಕ್ಕೆ ಒಂದೂವರೆ ಲಕ್ಷ ಗ್ಯಾಲನ್ ಮಾತ್ರ. ಅದಕ್ಕೆ ಮುಂಚೆ ಉಪ್ಪು ಮಿಶ್ರಿತ ಬಾವಿನೀರೇ ಗತಿ. ಇಂದು ನಲ್ಲಿಯಲ್ಲಿ ಬರುವ ಕುಡಿಯುವ ನೀರು ಹೆಚ್ಚುಕಡಿಮೆ ಪೂರ್ತಿಯಾಗಿ ಸಮುದ್ರದಿಂದಲೇ ಬಂದದ್ದು, ಅನಿಲ ಉರಿಸಿ, ವಿದ್ಯುತ್ ಸುರಿದು ಉಪ್ಪು ತೆಗೆದದ್ದು. ಇಂತಹ ನಾಡಿನಲ್ಲಿ ನೀರಿನಲ್ಲಿ ಆಟವಾಡುವುದೆಂದರೆ ಒಂದರ್ಥದಲ್ಲಿ ತೈಲ ಮತ್ತು ಅನಿಲದ ಮೇಲೆಯೇ ಜಾರಿದಂತೆ. ಗೋಪುರಕ್ಕೆ ಆ ಹೆಸರು ಇಟ್ಟವರು ಇಷ್ಟು ಯೋಚಿಸಿದ್ದರೋ ಇಲ್ಲವೋ, ಹೆಸರಂತೂ ಸರಿಯಾಗಿ ಕೂತಿದೆ.

ಇಲ್ಲಿ ಹಳಬರಾದವರಿಗೆ ನೆನಪಿರಬಹುದು, 2000ದ ಆರಂಭದ ದಿನಗಳಲ್ಲಿ ಮಕ್ಕಳನ್ನು ಕರೆದುಕೊಂಡು ಹೋಗಲು ದೋಹಾದಲ್ಲಿ ಕಾರ್ನಿಶ್, ವೆಸ್ಟ್ ಬೇಯ ಅಲ್ಲಾದೀನ್ಸ್ ಕಿಂಗ್‌ಡಮ್, 2001ರಲ್ಲಿ ತೆರೆದ ಸಿಟಿ ಸೆಂಟರ್, ಇಷ್ಟೇ ಎನ್ನಬೇಕು. ನೀರಾಟ ಬೇಕೆಂದರೆ ದುಬೈಗೆ ಹೋಗಬೇಕಿತ್ತು. ಅಲ್ಲಿ ಬುರ್ಜ್ ಅಲ್ ಅರಬ್ ಪಕ್ಕದ ವೈಲ್ಡ್ ವಾಡಿ 1999ರಲ್ಲೇ ಶುರುವಾಗಿತ್ತು. ಕಾರಿನಲ್ಲಿ ಹೋಗುವವರು ಸೌದಿ ಟ್ರಾನ್ಸಿಟ್ ವೀಸಾ ಮಾಡಿಸಿ, ಸಲ್ವಾ ಗಡಿಯಲ್ಲಿ ಸಾಲು ನಿಂತು, ಬುತ್ತಿಯ ಪುಳಿಯೋಗರೆ ತಿಂದು ಮುಂದೆ ಸಾಗಬೇಕು. ಆಮೇಲೆ ಸಲ್ವಾ ರಸ್ತೆಯಲ್ಲಿ ಅಕ್ವಾ ಪಾರ್ಕ್ ಕತಾರ್ ಬಂತು. ಈ ದೇಶದ ಕುಟುಂಬಗಳಿಗೆ ಮೊದಲ ದೊಡ್ಡ ಜಲೋದ್ಯಾನ ಎಂದರೆ ಅದೇ. ಅಲೆಗಳ ಕೊಳ, ಟ್ಯೂಬಿನಲ್ಲಿ ತೇಲುವ ನಿಧಾನದ ಹೊಳೆ, ಪುಟ್ಟ ಮಕ್ಕಳ ಜಾಗ ಎಲ್ಲವೂ ಅಲ್ಲಿ ಒಂದೆಡೆ ಸಿಕ್ಕವು.

2017ರ ಜೂನ್‌ನಲ್ಲಿ ನೆರೆಯ ರಾಷ್ಟ್ರಗಳು ಗಡಿ ಮುಚ್ಚಿದಾಗ ದುಬೈಯ ರಸ್ತೆ ಕಡಿದುಹೋಯಿತು. 2021ರ ಜನವರಿಯಲ್ಲಿ ಗಡಿ ಮತ್ತೆ ತೆರೆಯಿತು. ಅದೇ ವರ್ಷ, ಗಡಿಯ ಅಬು ಸಮ್ರಾ ಬಳಿ, ದೋಹಾದಿಂದ ನೂರು ಕಿ.ಮೀ.ಗೆ ತುಸು ಕಡಿಮೆ ದೂರದಲ್ಲಿ, ಹಿಲ್ಟನ್ ಸಲ್ವಾ ರೆಸಾರ್ಟ್ ಮತ್ತು ಅದರ ಡೆಸರ್ಟ್ ಫಾಲ್ಸ್ ಜಲೋದ್ಯಾನ ಬಾಗಿಲು ತೆರೆದವು. ಒಂದು ಕಾಲದಲ್ಲಿ ನಾವು ದಾಟಿ ಹೋಗುತ್ತಿದ್ದ ಗಡಿಯೇ ಈಗ ಹೋಗಿ ತಲುಪುವ ಸ್ಥಳವಾಯಿತು. ಮೆರ್ಯಾಲ್ ಇರುವ ದ್ವೀಪ 2022ರ ವಿಶ್ವಕಪ್ ಫುಟ್‌ಬಾಲ್ ವೇಳೆ ಅಭಿಮಾನಿಗಳಿಂದ ತುಂಬಿತ್ತು. ಉದ್ಯಾನ ಪೂರ್ಣ ಪ್ರಮಾಣದಲ್ಲಿ ನಡೆಯತೊಡಗಿದ್ದು ಅದರ ನಂತರದ ವರ್ಷಗಳಲ್ಲಿ.

ಜಲೋದ್ಯಾನ ಎಂಬ ಕಲ್ಪನೆ ಬಹಳ ಹಳೆಯದೇನಲ್ಲ. ಅಮೆರಿಕದ ಜಾರ್ಜ್ ಮಿಲ್ಲೆ 1977ರಲ್ಲಿ ಒರ್ಲ್ಯಾಂಡೋದಲ್ಲಿ ಆರಂಭಿಸಿದ ವೆಟ್ ಎನ್ ವೈಲ್ಡ್ ಅನ್ನು ಇಂದಿನ ಮಾದರಿಯ ಮೊದಲ ಜಲೋದ್ಯಾನ ಎನ್ನುತ್ತಾರೆ. ಅದು 2016ರ ಕೊನೆಗೆ ಮುಚ್ಚಿತು. ನಮ್ಮ ಬಿಡದಿಯ ವಂಡರ್‌ಲಾ 2005ರದ್ದು. ಅದೇ ಸಂಸ್ಥೆ ಕೊಚ್ಚಿಯಲ್ಲಿ 2000ದಲ್ಲಿ ವೀಗಾಲ್ಯಾಂಡ್ ಶುರುಮಾಡಿತ್ತು. ರಜೆಗೆ ಊರಿಗೆ ಹೋದ ಮಕ್ಕಳು ಎರಡನ್ನೂ ಹೋಲಿಸಿ ತೀರ್ಪು ಕೊಡುತ್ತಾರೆ. ಮಳೆನೃತ್ಯದಲ್ಲಿ ಬಿಡದಿಗೇ ಗೆಲುವು, ಏಕೆಂದರೆ ಕನ್ನಡ ಹಾಡು ಬರುತ್ತದೆ!

ಇವು ಹೇಗೆ ಕೆಲಸ ಮಾಡುತ್ತವೆ ಎಂಬುದನ್ನೂ ಸ್ವಲ್ಪ ನೋಡೋಣ. ಅಲೆಗಳ ಕೊಳದ ಆಳದ ತುದಿಯ ಗೋಡೆಯ ಹಿಂದೆ ಕೋಣೆಗಳಿರುತ್ತವೆ. ದೊಡ್ಡ ಫ್ಯಾನುಗಳು ಆ ಕೋಣೆಗಳಿಗೆ ಗಾಳಿ ಒತ್ತುತ್ತವೆ, ನೀರು ಕೆಳಗೆ ತಳ್ಳಲ್ಪಟ್ಟು ಕೊಳದೊಳಗೆ ಉಬ್ಬುತ್ತದೆ, ಗಾಳಿ ಬಿಟ್ಟಾಗ ಮತ್ತೆ ಒಳಗೆ ಬರುತ್ತದೆ. ಈ ಉಸಿರಾಟವೇ ಅಲೆ. ಜಾರುಬಂಡಿಯಲ್ಲಿ ಮೇಲಿನಿಂದ ಹರಿಯುವ ನೀರಿನ ತೆಳು ಪದರ ದೇಹಕ್ಕೂ ಫೈಬರ್‌ಗ್ಲಾಸಿಗೂ ನಡುವೆ ನಿಂತು ಘರ್ಷಣೆ ತಗ್ಗಿಸುತ್ತದೆ. ಹೈಸ್ಕೂಲಿನ ಭೌತಶಾಸ್ತ್ರದ ಲೆಕ್ಕ ಹಾಕಿದರೆ 76 ಮೀಟರಿನಿಂದ ಘರ್ಷಣೆಯೇ ಇಲ್ಲದೆ ಇಳಿದರೆ ವೇಗ ಗಂಟೆಗೆ ಸುಮಾರು 139 ಕಿ.ಮೀ. ಆಗುತ್ತದೆ. ತಿರುವು, ಇಳಿಜಾರು, ಕೊನೆಯ ನೀರಿನ ಹಾಸು ಎಲ್ಲ ಇರುವುದು ಆ ವೇಗವನ್ನು ಕೊಲ್ಲಲಿಕ್ಕೆ.

ನೀರನ್ನು ದಿನವೂ ಹೊಸದಾಗಿ ತುಂಬುವುದಿಲ್ಲ. ಅದೇ ನೀರನ್ನು ಮರಳಿನ ಶೋಧಕಗಳ ಮೂಲಕ ಸುತ್ತಿಸಿ, ಕ್ಲೋರಿನ್ ಹಾಕಿ ಮತ್ತೆ ಬಳಸುತ್ತಾರೆ. ಮೂಗಿಗೆ ಹೊಡೆಯುವ 'ಕ್ಲೋರಿನ್ ವಾಸನೆ' ಬಂದರೆ ನೀರು ಬಹಳ ಶುದ್ಧ ಎಂದು ತಿಳಿಯುವವರಿದ್ದಾರೆ. ವಾಸ್ತವದಲ್ಲಿ ಅದು ಕ್ಲೋರಿನ್ ಬೆವರು, ಮೂತ್ರಗಳೊಂದಿಗೆ ಸೇರಿ ಹುಟ್ಟಿದ ಕ್ಲೋರಮೈನ್‌ನ ವಾಸನೆ. ಕಣ್ಣು ಉರಿಯುವುದೂ ಅದರಿಂದಲೇ. ಆದ್ದರಿಂದ ಇಳಿಯುವ ಮುಂಚೆ ಸ್ನಾನ ಮಾಡಿ ಎನ್ನುವ ಫಲಕ ಅಲಂಕಾರಕ್ಕಲ್ಲ. ತಲೆಗೆ ಕೊಬ್ಬರಿ ಎಣ್ಣೆ ಮೆತ್ತಿಕೊಂಡು ಇಳಿಯುವುದೂ ಬೇಡ. ಹತ್ತಿಯ ಬಟ್ಟೆಗೆ ಬೇಡ ಎನ್ನುವುದು ಅದರ ನಾರು ಶೋಧಕಕ್ಕೆ ಸಿಕ್ಕುತ್ತದೆಂದು, ದುಪಟ್ಟಾ ಬೇಡ ಎನ್ನುವುದು ಜಾರುವಾಗ ಕುತ್ತಿಗೆಗೆ ಸಿಕ್ಕೀತೆಂದು. ಮೈತುಂಬ ಮುಚ್ಚುವ ಈಜುಡುಪು ಈಗ ಎಲ್ಲೆಡೆ ಸಿಗುತ್ತದೆ. ನಮ್ಮ ಹೆಣ್ಣುಮಕ್ಕಳು ಸಂಕೋಚದಿಂದ ಬ್ಯಾಗ್ ಕಾಯುತ್ತಾ ಕೂರಬೇಕಾದ ಕಾಲ ಮುಗಿಯಿತು.

ಬೇಸಿಗೆಯ ವಿಷಯ ನಿಮಗೆ ಗೊತ್ತೇ ಇದೆ. ಜುಲೈನಲ್ಲಿ ತಣ್ಣೀರಿನ ನಲ್ಲಿಯಲ್ಲಿ ಬಿಸಿನೀರು ಬರುತ್ತದೆ, ಗೀಸರ್ ಆರಿಸಿ ಅದರ ನೀರನ್ನೇ ತಣ್ಣೀರು ಎಂದು ಬಳಸುವ ಜಾಣತನ ಇಲ್ಲಿನ ಪ್ರತಿ ಮನೆಯದ್ದು. ಜಲೋದ್ಯಾನದಲ್ಲೂ ಇದೇ ಸಮಸ್ಯೆ. ಹಾಗಾಗಿ ಕೊಲ್ಲಿಯ ದೊಡ್ಡ ಉದ್ಯಾನಗಳು ಬೇಸಿಗೆಯಲ್ಲಿ ಕೊಳದ ನೀರನ್ನು ಯಂತ್ರದಿಂದ ತಣಿಸುತ್ತವೆ, ಚಳಿಗಾಲದಲ್ಲಿ ಬೆಚ್ಚಗಾಗಿಸುತ್ತವೆ. ಆದರೆ ಮೆಟ್ಟಿಲು ಹತ್ತುವ ಬಿಸಿಲನ್ನು ತಣಿಸಲಾಗದು. ಜೂನ್ 1ರಿಂದ ಸೆಪ್ಟೆಂಬರ್ 15ರ ವರೆಗೆ ಬೆಳಿಗ್ಗೆ 10ರಿಂದ ಮಧ್ಯಾಹ್ನ 3.30ರ ತನಕ ಕಾರ್ಮಿಕರು ಬಯಲಲ್ಲಿ ದುಡಿಯಬಾರದು ಎಂದು 2021ರಲ್ಲಿ ಸರಕಾರ ನಿಯಮ ಮಾಡಿದ್ದು ಸುಮ್ಮನೆ ಅಲ್ಲ. ಆ ಹೊತ್ತು ದುಡಿಮೆಗೆ ಅಪಾಯವಾದರೆ ಮಕ್ಕಳ ಆಟಕ್ಕೂ ಅಪಾಯವೇ.

ಇನ್ನು ಸುರಕ್ಷತೆ. ಎತ್ತರದ ದಾಖಲೆಗೆ ಒಂದು ಕಹಿ ಇತಿಹಾಸವಿದೆ. ಬ್ರೆಜಿಲ್‌ನ ಫೋರ್ತಲೇಜಾದ 41 ಮೀಟರಿನ ಇನ್ಸಾನೋ 1989ರಲ್ಲಿ ಬಂತು. 2014ರಲ್ಲಿ ಅಮೆರಿಕದ ಕನ್ಸಾಸ್ ಸಿಟಿಯಲ್ಲಿ 51 ಮೀಟರಿನ ವೆರುಕ್ಟ್ ಬಂತು. 2016ರ ಆಗಸ್ಟ್‌ನಲ್ಲಿ ಅದರ ತೆಪ್ಪ ಗಾಳಿಗೆ ಹಾರಿ ಹತ್ತು ವರ್ಷದ ಬಾಲಕನೊಬ್ಬ ತೀರಿಕೊಂಡ. ಆ ಜಾರುಬಂಡಿ ಮತ್ತೆ ತೆರೆಯಲಿಲ್ಲ, ಅದನ್ನು ಕೆಡವಿಹಾಕಿದರು. ಆದ್ದರಿಂದ ಮೆಟ್ಟಿಲ ಬುಡದಲ್ಲಿ ಎತ್ತರ ಅಳೆಯುವ, ತೂಕ ನೋಡುವ ಹುಡುಗನೊಡನೆ "ಎರಡು ಸೆಂಟಿಮೀಟರ್ ತಾನೆ, ಬಿಡಪ್ಪ" ಎಂದು ವಾದಿಸಬೇಡಿ.

ಆದರೆ ನಮ್ಮ ಮಕ್ಕಳ ವಿಷಯದಲ್ಲಿ ನಿಜವಾದ ಆತಂಕ ಇಲ್ಲಿಯದಲ್ಲ, ಊರಿನದು. ಇಲ್ಲಿ ಬೆಳೆಯುವ ಮಗುವಿಗೆ ನೀರೆಂದರೆ ತಳ ಕಾಣುವ ನೀಲಿ ಕೊಳ, ಆಳ ಬರೆದ ಫಲಕ, ಸೀಟಿ ಹಿಡಿದು ನಿಂತ ಲೈಫ್‌ಗಾರ್ಡ್. ಶಾಲೆಗೆ ರಜೆ ಬರುವುದು ಜುಲೈ, ಆಗಸ್ಟ್‌ನಲ್ಲಿ. ಊರಲ್ಲಿ ಆಗ ಹೊಳೆ ತುಂಬಿ ಕೆಂಪಾಗಿ ಹರಿಯುವ ಕಾಲ. ಅಜ್ಜಿ ಮನೆಯ ಹಿಂದಿನ ತೋಡಿಗೆ, ಕೆರೆಗೆ, ಕಾವೇರಿಯ ಮುತ್ತತ್ತಿ, ಮೇಕೆದಾಟಿನ ಸುಳಿಗಳಿಗೆ ಆಳದ ಫಲಕವಿಲ್ಲ. ಮಲ್ಪೆಯಲ್ಲಿ ಮಳೆಗಾಲ ಬಂತೆಂದರೆ ತೀರಕ್ಕೆ ಬಲೆ ಕಟ್ಟಿ ಜನರನ್ನು ತಡೆಯುತ್ತಾರೆ. 76 ಮೀಟರಿನಿಂದ ಜಾರಿದ ಧೈರ್ಯ ಹೊತ್ತ ಹುಡುಗ ಆ ಬಲೆಯನ್ನು ಹಾಸ್ಯ ಮಾಡಿಯಾನು. ಜಾರಲು ಈಜು ಬರಬೇಕಿಲ್ಲ, ಹೊಳೆಗೆ ಬಿದ್ದರೆ ಬೇಕು. ಜಲೋದ್ಯಾನಕ್ಕೆ ಹತ್ತು ಸಲ ಹೋದ ಮಗುವಿಗೂ ಈಜು ಬರುತ್ತದೆ ಎಂದು ಭಾವಿಸುವಂತಿಲ್ಲ. ನಾಲ್ಕು ಸಲದ ಟಿಕೆಟ್ ದುಡ್ಡಿನಲ್ಲಿ ಒಂದು ಈಜು ತರಗತಿಗೆ ಸೇರಿಸಿ, ಊರಿಗೆ ಹೊರಡುವ ಮುನ್ನವೇ.

ಹೋಗುವವರಿಗೆ ಕೆಲವು ಮಾತು. ಮೆಟ್ರೋದಲ್ಲಿ ಹೋಗುವುದಾದರೆ ರೆಡ್ ಲೈನ್‌ನ ಕೊನೆಯ ನಿಲ್ದಾಣ ಲುಸೈಲ್ ಕ್ಯೂಎನ್‌ಬಿಯಲ್ಲಿ ಇಳಿದು ದ್ವೀಪಕ್ಕೆ ಟ್ಯಾಕ್ಸಿ ಹಿಡಿಯಬಹುದು. ಸಲ್ವಾಕ್ಕೆ ಸ್ವಂತ ಕಾರೇ ಅನುಕೂಲ, ಬೆಳಿಗ್ಗೆ ಬೇಗ ಹೊರಡಿ. ಮಹಿಳೆಯರಿಗೇ ಮೀಸಲಾದ ದಿನಗಳನ್ನು ಈ ಭಾಗದ ಉದ್ಯಾನಗಳು ಇಡುವುದುಂಟು, ಸಮಯ ಮತ್ತು ದರ ಋತುವಿಗೆ ತಕ್ಕಂತೆ ಬದಲಾಗುವುದೂ ಉಂಟು, ಫೋನ್ ಮಾಡಿಯೇ ಹೊರಡಿ. ನವೆಂಬರ್ ಮತ್ತು ಮಾರ್ಚ್‌ನ ವಾರದ ದಿನಗಳು ಎಲ್ಲಕ್ಕಿಂತ ಚೆಂದ. ಹೊರಗಿನ ತಿಂಡಿಗೆ ಸಾಮಾನ್ಯವಾಗಿ ಪ್ರವೇಶವಿಲ್ಲ, ಚಿತ್ರಾನ್ನದ ಡಬ್ಬಿ ಕಾರಿನಲ್ಲೇ ಇರಲಿ. ಹಿಂದಿರುಗುವಾಗ ಹೇಗೂ ಹಸಿವಾಗಿರುತ್ತದೆ.