ಡಾಂಟೆಯ ಕೂದಲು ಮತ್ತು ನಮ್ಮ ಸಿಟ್ಟು: ಒಂದು ಗೇಮ್ ಮರುಬಿಡುಗಡೆಯ ಕತೆ

ಒಂದು ತಪ್ಪೊಪ್ಪಿಗೆಯಿಂದಲೇ ಶುರು ಮಾಡ್ತೀನಿ. 2013ರಲ್ಲಿ ನಾನು ಒಂದು ವಿಡಿಯೋ ಗೇಮನ್ನು ಬಾಯಿಗೆ ಬಂದಂತೆ ಬೈದಿದ್ದೆ. ಆಗ ಅದನ್ನು ಒಂದು ನಿಮಿಷವೂ ಆಡಿರಲಿಲ್ಲ. ಹಾಸ್ಟೆಲ್ಲಿನಲ್ಲಿ ನಾವು ನಾಲ್ಕೈದು ಜನ ಹಳೆಯ 'ಡೆವಿಲ್ ಮೇ ಕ್ರೈ' ಗೇಮುಗಳನ್ನು ಆಡಿ ಬೆಳೆದವರು. ಅದರ ನಾಯಕ ಡಾಂಟೆಗೆ ಬೆಳ್ಳಿಯಂಥ ಬಿಳಿ ಕೂದಲು. ಹೊಸ ಗೇಮಿನಲ್ಲಿ ಅವನ ಕೂದಲು ಕಪ್ಪಾಗಿತ್ತು, ಗಿಡ್ಡವಾಗಿತ್ತು. ಅಷ್ಟು ಸಾಕಾಯಿತು. ನಮ್ಮ ಬಾಲ್ಯಕ್ಕೇ ಯಾರೋ ಕೈ ಹಾಕಿದ ಹಾಗೆ ಕೂಗಾಡಿದೆವು.

ಎರಡು ವರ್ಷದ ನಂತರ, 2015ರಲ್ಲಿ, ಅದೇ ಗೇಮ್ 'ಡೆಫಿನಿಟಿವ್ ಎಡಿಷನ್' ಎಂಬ ಹೆಸರಿನಲ್ಲಿ ಮತ್ತೆ ಬಂತು. ಅಭಿಮಾನಿಗಳು ಕೇಳಿದ್ದನ್ನೆಲ್ಲ ಇದರಲ್ಲಿ ಸೇರಿಸಿದ್ದೇವೆ ಅನ್ನುವುದೇ ಅದರ ಪ್ರಚಾರ. ಗೆಳೆಯನೊಬ್ಬನ ರೂಮಿನಲ್ಲಿ ಕೂತು ಅದನ್ನು ಆಡಿದೆ. ಆಗ ತಲೆಯಲ್ಲಿ ಎದ್ದ ಪ್ರಶ್ನೆ ಇವತ್ತಿಗೂ ಬಿಟ್ಟಿಲ್ಲ. ನಾವೆಲ್ಲ ಕೂಗಿದ್ದರಲ್ಲಿ ಕಂಪನಿಗೆ ಕೇಳಿಸಿದ್ದು ಯಾವುದು? ಕೇಳಿಸಿಕೊಂಡ ಮೇಲೆ ಅದು ಮಾಡಿದ್ದೇನು? ಅದರ ಖರ್ಚು ಯಾರ ತಲೆಗೆ ಬಿತ್ತು?

ಗೇಮ್ ಆಡದವರಿಗೂ ಈ ಕತೆ ಮುಖ್ಯ ಅನ್ನಿಸಿ ಬರೀತಿದ್ದೀನಿ. ಗುಂಪಾಗಿ ವಿರೋಧಿಸುವುದು, ಆ ವಿರೋಧದಲ್ಲಿ ನಿಜವಾದ ದೂರೇ ಮುಚ್ಚಿಹೋಗುವುದು ನಮಗೆ ಹೊಸದಲ್ಲವಲ್ಲ.

ಗಲಾಟೆ ಶುರುವಾಗಿದ್ದು ಎಲ್ಲಿಂದ?

'ಡೆವಿಲ್ ಮೇ ಕ್ರೈ' ಜಪಾನಿನ ಕ್ಯಾಪ್‌ಕಾಮ್ ಕಂಪನಿಯ ಸರಣಿ. ಮೊದಲ ಗೇಮ್ 2001ರದ್ದು, ಹಿದೆಕಿ ಕಾಮಿಯಾ ನಿರ್ದೇಶನದ್ದು. ಮೂರು ಮತ್ತು ನಾಲ್ಕನೆಯದನ್ನು ನಿರ್ದೇಶಿಸಿದವರು ಹಿದೆಆಕಿ ಇತ್ಸುನೊ. ಈ ಬಗೆಯ ಆಟಕ್ಕೆ 'ಸ್ಟೈಲಿಶ್ ಆಕ್ಷನ್' ಅನ್ನುತ್ತಾರೆ. ರಾಕ್ಷಸರನ್ನು ಕೊಂದರೆ ಸಾಲದು, ಹೇಗೆ ಕೊಂದಿರಿ ಅನ್ನುವುದಕ್ಕೂ ಅಂಕ ಉಂಟು. ಒಂದೇ ಏಟನ್ನು ಮತ್ತೆ ಮತ್ತೆ ಹೊಡೆದರೆ 'ಡಿ' ದರ್ಜೆಯಲ್ಲೇ ಉಳಿಯುತ್ತೀರಿ. ಕತ್ತಿ, ಗನ್ನು, ಗಾಳಿಯಲ್ಲಿ ಹಾರಿ ಹೊಡೆಯುವ ಪಟ್ಟು, ಎಲ್ಲವನ್ನೂ ಬೆರೆಸಿ, ಏಟು ತಿನ್ನದೆ ಆಡಿದರೆ 'ಟ್ರಿಪಲ್ ಎಸ್' ತನಕ ಏರಬಹುದು. ಯಕ್ಷಗಾನದಲ್ಲಿ ಯುದ್ಧದ ಸನ್ನಿವೇಶ ನೋಡುವಾಗ ಯಾರು ಗೆದ್ದರು ಅನ್ನುವುದಕ್ಕಿಂತ ಕುಣಿತ ಹೇಗಿತ್ತು ಅಂತ ಮಾತಾಡ್ತೀವಲ್ಲ, ಹೆಚ್ಚುಕಡಿಮೆ ಹಾಗೆ.

2010ರ ಟೋಕಿಯೊ ಗೇಮ್ ಶೋನಲ್ಲಿ ಕ್ಯಾಪ್‌ಕಾಮ್ ಈ ಸರಣಿಯನ್ನು ಹೊಸದಾಗಿ ಶುರು ಮಾಡುವುದಾಗಿ ಘೋಷಿಸಿತು. ಹೊಣೆ ಕೊಟ್ಟಿದ್ದು ಇಂಗ್ಲೆಂಡಿನ ಕೇಂಬ್ರಿಡ್ಜ್‌ನ ನಿಂಜಾ ಥಿಯರಿ ಸ್ಟುಡಿಯೋಗೆ. ಟ್ರೇಲರ್ ಬಂದ ದಿನದಿಂದಲೇ ಸಿಟ್ಟು ಶುರು. ಸ್ಟುಡಿಯೋದವರಿಗೆ ಕೊಲೆ ಬೆದರಿಕೆಗಳೂ ಹೋದವು. ಅವರು ಕೂಡ ಸುಮ್ಮನಿರಲಿಲ್ಲ. ಗೇಮಿನ ಆರಂಭದಲ್ಲೇ ಡಾಂಟೆಯ ತಲೆ ಮೇಲೆ ಒಂದು ಬಿಳಿ ವಿಗ್ ಬೀಳುತ್ತದೆ. ಅವನು ಕನ್ನಡಿ ನೋಡಿ, ಜನ್ಮದಲ್ಲಿ ಸಾಧ್ಯವಿಲ್ಲ ಅನ್ನುವ ಅರ್ಥದಲ್ಲಿ ಏನೋ ಹೇಳಿ ಕಿತ್ತೆಸೆಯುತ್ತಾನೆ. ಅಭಿಮಾನಿಗಳ ಮುಖಕ್ಕೇ ಹೊಡೆದ ಜೋಕು ಅದು.

2013ರ ಜನವರಿಯಲ್ಲಿ ಗೇಮ್ ಬಿಡುಗಡೆಯಾಯಿತು. ವಿಮರ್ಶಕರಲ್ಲಿ ಬಹಳಷ್ಟು ಜನ ಹೊಗಳಿದರು, ಹಳೆಯ ಅಭಿಮಾನಿಗಳು ಉಗಿದರು. ಮಾರಾಟ ನಿರೀಕ್ಷೆಯಷ್ಟು ಆಗಲಿಲ್ಲ. 20 ಲಕ್ಷ ಪ್ರತಿ ಅಂದುಕೊಂಡಿದ್ದ ಅಂದಾಜನ್ನು ಕ್ಯಾಪ್‌ಕಾಮ್ 12 ಲಕ್ಷಕ್ಕೆ ಇಳಿಸಿತು.

ಕೂದಲಿನ ಕೆಳಗೆ ಹೂತುಹೋದ ದೂರುಗಳು

ಈಗ ಹಿಂದಿರುಗಿ ನೋಡಿದರೆ ಆ ಗಲಾಟೆಯಲ್ಲಿ ಎರಡು ದನಿಗಳಿದ್ದವು. ಒಂದು ನಮ್ಮಂಥವರದ್ದು: ಕೂದಲು, ಮುಖ, 'ನಮ್ಮ ಡಾಂಟೆ ಇವನಲ್ಲ'. ಇನ್ನೊಂದು ಸಣ್ಣ ದನಿ, ಗೇಮನ್ನು ನಿಜವಾಗಿಯೂ ಕೂತು ಆಡಿದವರದ್ದು. ಅವರು ನಾಲ್ಕು ವಿಷಯ ಹೇಳುತ್ತಿದ್ದರು.

ಮೊದಲನೆಯದು, ಫ್ರೇಮ್ ದರ. ಪರದೆಯ ಮೇಲೆ ಸೆಕೆಂಡಿಗೆ ಎಷ್ಟು ಚಿತ್ರ ಮೂಡುತ್ತದೆ ಅನ್ನುವುದೇ ಇದು. 2001ರ ಮೊದಲ ಗೇಮೇ ಸೆಕೆಂಡಿಗೆ 60 ಫ್ರೇಮಿನಲ್ಲಿ ಓಡುತ್ತಿತ್ತು. ಹನ್ನೆರಡು ವರ್ಷದ ನಂತರ ಬಂದದ್ದು ಕನ್ಸೋಲ್‌ಗಳಲ್ಲಿ 30 ಫ್ರೇಮಿಗೆ ಇಳಿದಿತ್ತು. 60 ಫ್ರೇಮಿನಲ್ಲಿ ಒಂದು ಚಿತ್ರ ಸುಮಾರು 16.7 ಮಿಲಿಸೆಕೆಂಡ್ ಇರುತ್ತದೆ, 30ರಲ್ಲಿ ಸುಮಾರು 33.3. ಶತ್ರು ಕೈ ಎತ್ತಿದ್ದು ಕಾಣುವುದೇ ತಡ, ನೀವು ಬಟನ್ ಒತ್ತಿದ್ದಕ್ಕೆ ಉತ್ತರ ಬರುವುದೂ ತಡ. ನಿಧಾನದ ಆಟದಲ್ಲಾದರೆ ಗೊತ್ತಾಗಲ್ಲ. ಕಣ್ಣು ಮಿಟುಕಿಸುವಷ್ಟರಲ್ಲಿ ಪಕ್ಕಕ್ಕೆ ಸರಿಯಬೇಕಾದ ಇಂಥ ಆಟದಲ್ಲಿ ಕೈಗೆ ಗೊತ್ತಾಗುತ್ತದೆ.

ಎರಡನೆಯದು, ಲಾಕ್-ಆನ್. ಹತ್ತು ಶತ್ರುಗಳ ನಡುವೆ 'ನಾನು ಹೊಡೆಯುತ್ತಿರುವುದು ಇವನಿಗೆ' ಎಂದು ಗುರಿ ಹಿಡಿದಿಟ್ಟುಕೊಳ್ಳುವ ಬಟನ್. ಹಿಂದಿನ ಗೇಮುಗಳಲ್ಲಿ ಇತ್ತು, ಇದರಲ್ಲಿ ತೆಗೆದಿದ್ದರು. ಗುರಿ ಯಾರು ಅನ್ನುವುದನ್ನು ಗೇಮೇ ಊಹಿಸುತ್ತಿತ್ತು. ಬಹಳ ಸಲ ತಪ್ಪಾಗಿ ಊಹಿಸುತ್ತಿತ್ತು.

ಮೂರನೆಯದು, ಬಣ್ಣದ ಶತ್ರುಗಳು. ಕೆಂಪು ಶತ್ರುವಿಗೆ ಕೊಡಲಿಯಂಥ ರಾಕ್ಷಸ ಆಯುಧವೇ ಬೇಕು, ನೀಲಿ ಶತ್ರುವಿಗೆ ದೇವದೂತರ ಆಯುಧವೇ ಬೇಕು. ಬೇರೆ ಯಾವುದರಿಂದ ಹೊಡೆದರೂ ಟಣ್ ಎಂದು ವಾಪಸ್ ಸಿಡಿಯುತ್ತದೆ. ಹತ್ತಾರು ಪಟ್ಟು ಕಲಿಸಿ, ಬೇಕಾದ ಹಾಗೆ ಬೆರೆಸಿ ಆಡು ಎಂದ ಗೇಮೇ ನಡುವೆ ಬಂದು 'ಇದೊಂದನ್ನೇ ಬಳಸು' ಅಂದರೆ ಹೇಗಿರಬೇಡ?

ನಾಲ್ಕನೆಯದು, ಅಂಕ ಕೊಡುವ ಕ್ರಮ. ಭಾರದ ಏಟು ಒಂದೆರಡು ಹಾಕಿದರೆ ಸಾಕು, ದೊಡ್ಡ ದರ್ಜೆ ಸಿಕ್ಕಿಬಿಡುತ್ತಿತ್ತು. ಪುಕ್ಕಟೆ ಸಿಕ್ಕ 'ಟ್ರಿಪಲ್ ಎಸ್‌'ಗೆ ಬೆಲೆ ಎಲ್ಲಿಯದು?

ಈ ನಾಲ್ಕೂ ಖಚಿತವಾದ, ಪರೀಕ್ಷಿಸಿ ನೋಡಬಹುದಾದ ದೂರುಗಳು. ಆದರೆ ಯಾರಾದರೂ ಇವನ್ನು ಎತ್ತಿದರೆ ಸಿಗುತ್ತಿದ್ದ ಉತ್ತರ ಒಂದೇ: 'ಓ, ನೀನೂ ಕೂದಲಿನ ಗುಂಪಿನವನಾ?' ಆ ಉತ್ತರಕ್ಕೆ ದಾರಿ ಮಾಡಿಕೊಟ್ಟವರು ನಾವೇ. ನಮ್ಮ ಕೂಗಾಟ, ಅದಕ್ಕಿಂತ ಹೆಚ್ಚಾಗಿ ಆ ಕೊಲೆ ಬೆದರಿಕೆಗಳು, ಸರಿಯಾಗಿ ಮಾತಾಡುತ್ತಿದ್ದವರ ಬಾಯಿಯನ್ನೂ ಮುಚ್ಚಿಸಿದವು.

2015ರಲ್ಲಿ ಬದಲಾಗಿದ್ದೇನು?

2015ರ ಮಾರ್ಚ್‌ನಲ್ಲಿ ಪ್ಲೇಸ್ಟೇಷನ್ 4 ಮತ್ತು ಎಕ್ಸ್‌ಬಾಕ್ಸ್ ಒನ್‌ಗೆ ಬಂದ ಆವೃತ್ತಿಯಲ್ಲಿ ಆ ಸಣ್ಣ ದನಿಯ ನಾಲ್ಕೂ ದೂರಿಗೆ ಉತ್ತರ ಇತ್ತು. 60 ಫ್ರೇಮ್ ಬಂತು. ಲಾಕ್-ಆನ್ ಬಂತು. ಬಣ್ಣದ ಶತ್ರುಗಳಿಗೆ ಯಾವ ಆಯುಧದಿಂದ ಹೊಡೆದರೂ ಪೆಟ್ಟು ತಾಗತೊಡಗಿತು. ಅಂಕದ ಲೆಕ್ಕ ಬಿಗಿಯಾಯಿತು. ಆಟದ ವೇಗವನ್ನು 20 ಪ್ರತಿಶತ ಹೆಚ್ಚಿಸುವ 'ಟರ್ಬೋ', ಹಳೆಯ ಗೇಮುಗಳಷ್ಟು ಕಠಿಣವಾಗಿಸುವ 'ಹಾರ್ಡ್‌ಕೋರ್', 'ಎಸ್' ದರ್ಜೆ ಮುಟ್ಟುವ ತನಕ ಶತ್ರುವಿಗೆ ನೋವೇ ಆಗದ 'ಮಸ್ಟ್ ಸ್ಟೈಲ್' ಎಂಬ ಆಯ್ಕೆಗಳೂ ಸೇರಿದವು. ಡಾಂಟೆಯ ಅಣ್ಣ ವರ್ಜಿಲ್‌ನ ಕತೆ ಮೊದಲು ಪ್ರತ್ಯೇಕವಾಗಿ ಮಾರಾಟಕ್ಕಿತ್ತು, ಈಗ ಜೊತೆಗೇ ಬಂತು. ಹಳೆಯ ಡಾಂಟೆಯ ವೇಷವೂ ಇತ್ತು. ಬೇಕಾದವರು ಹಾಕಿಕೊಳ್ಳಬಹುದು.

ಆಡಿದವರ ಅಭಿಪ್ರಾಯ ಒಂದೇ ಥರ ಇರಲಿಲ್ಲ. 'ಮೊದಲ ದಿನವೇ ಹೀಗಿದ್ದಿದ್ದರೆ ಇಷ್ಟೆಲ್ಲ ರಗಳೆಯೇ ಆಗುತ್ತಿರಲಿಲ್ಲ' ಅಂದವರು ಹಲವರು. ಎರಡು ವರ್ಷ ಉಗಿದವರಲ್ಲೂ ಕೆಲವರು ಇದನ್ನು ಆಡಿ ಮೆತ್ತಗಾದರು. 'ಕೈಗೆ ಹಿತವಾಯಿತು, ಆದರೆ ಕತೆಯ ಒರಟು ಮಾತು, ಗತ್ತು ಹಾಗೇ ಇದೆ' ಅಂದವರೂ ಇದ್ದರು. ನನಗೆ ತುಂಬಾ ಮುಖ್ಯ ಅನ್ನಿಸಿದ್ದು ಇನ್ನೆರಡು ಮಾತು. ಒಂದು: 'ತಪ್ಪು ಅವರದ್ದು, ತಿದ್ದಿದ್ದಕ್ಕೆ ದುಡ್ಡು ನಾನ್ಯಾಕೆ ಎರಡನೇ ಸಲ ಕೊಡಬೇಕು?' ಇನ್ನೊಂದು ಪಿಸಿಯಲ್ಲಿ ಆಡುವವರದ್ದು: 'ನಮಗ್ಯಾಕೆ ಇಲ್ಲ?'

ಪಿಸಿಯವರ ಸ್ಥಿತಿ ವಿಚಿತ್ರ. 2013ರಲ್ಲೇ ಅವರಿಗೆ 60 ಫ್ರೇಮ್ ಇತ್ತು. ಆದರೆ ಲಾಕ್-ಆನ್, ತಿದ್ದಿದ ಶತ್ರುಗಳು, ಟರ್ಬೋ ಯಾವುದೂ ಅಧಿಕೃತವಾಗಿ ಅವರಿಗೆ ಸಿಗಲೇ ಇಲ್ಲ. 'ಡೆಫಿನಿಟಿವ್' ಅಂದರೆ ಅಂತಿಮ, ಪರಿಪೂರ್ಣ ಅಂತ ತಾನೆ? ಅದು ಕನ್ಸೋಲ್ ಕೊಳ್ಳಬಲ್ಲವರಿಗೆ ಮಾತ್ರ. ಮನೆಯಲ್ಲಿ ಓದಿಗೆಂದು ಕೊಡಿಸಿದ ಕಂಪ್ಯೂಟರಿನಲ್ಲೇ ಕದ್ದುಮುಚ್ಚಿ ಆಡುತ್ತಿದ್ದ ನನ್ನಂಥವನಿಗೆ ಅದು ಗೆಳೆಯನ ರೂಮಿನಲ್ಲಷ್ಟೇ ಕಂಡ ವಸ್ತು.

ಕೇಳಿಸಿಕೊಳ್ಳುವುದು ಬೇರೆ, ಉತ್ತರ ಕೊಡುವುದು ಬೇರೆ

ಇದೊಂದೇ ಗೇಮಿನ ಕತೆ ಅಂದುಕೊಳ್ಳಬೇಡಿ. ಸರಣಿಯ ಉದ್ದಕ್ಕೂ ಹೀಗೇ ನಡೆದಿದೆ. ಮೂರನೆಯ ಗೇಮ್ 2005ರಲ್ಲಿ ಅಮೆರಿಕಕ್ಕೆ ಹೋದಾಗ ಜಪಾನಿನ 'ಹಾರ್ಡ್' ಮಟ್ಟವನ್ನೇ ಅಲ್ಲಿ 'ನಾರ್ಮಲ್' ಮಾಡಿ ಮಾರಿದರು. ಜನ ಬೆವರಿದರು, ಬೈದರು. 2006ರ 'ಸ್ಪೆಷಲ್ ಎಡಿಷನ್'ನಲ್ಲಿ ಅದನ್ನು ಸರಿ ಮಾಡಿ, ವರ್ಜಿಲ್ ಆಗಿ ಆಡುವ ಅವಕಾಶವನ್ನೂ ಸೇರಿಸಿದರು.

ನಾಲ್ಕನೆಯ ಗೇಮಿನ ಅರ್ಧದ ಮೇಲೆ ನೀವು ಬಂದ ದಾರಿಯಲ್ಲೇ ಹಿಂದಕ್ಕೆ ನಡೆಯಬೇಕು. ಅವೇ ಜಾಗಗಳು, ಅವೇ ದೊಡ್ಡ ಶತ್ರುಗಳು. ಅದರ ಬಗ್ಗೆ ಜನ ವರ್ಷಗಟ್ಟಲೆ ದೂರಿದರು. 2015ರ ಜೂನ್‌ನಲ್ಲಿ ಬಂದ 'ಸ್ಪೆಷಲ್ ಎಡಿಷನ್' ವರ್ಜಿಲ್, ಟ್ರಿಶ್, ಲೇಡಿ ಎಂಬ ಮೂರು ಹೊಸ ಪಾತ್ರಗಳನ್ನು ಕೊಟ್ಟಿತು. ಹಿಂದಕ್ಕೆ ನಡೆಸುವುದನ್ನು ಮಾತ್ರ ಮುಟ್ಟಲಿಲ್ಲ. ಮೂರು ಹೊಸ ಪಾತ್ರಗಳೂ ಅದೇ ದಾರಿಯಲ್ಲಿ ನಡೆದವು! ಪೋಸ್ಟರ್ ಮೇಲೆ ಹಾಕಬಹುದಾದ ಬೇಡಿಕೆ ಈಡೇರುತ್ತದೆ. ಹೊಸದಾಗಿ ಜಾಗ ಕಟ್ಟಬೇಕಾದ, ಖರ್ಚು ಕೇಳುವ ಬೇಡಿಕೆ ಹಾಗೇ ಉಳಿಯುತ್ತದೆ.

ಐದನೆಯ ಗೇಮಿನದ್ದೂ ಇದೇ ಹಾಡು. ಇತ್ಸುನೊ ವಾಪಸ್ ಬಂದು, ಬಿಳಿ ಕೂದಲಿನ ಡಾಂಟೆಯನ್ನೂ ವಾಪಸ್ ತಂದು, 2019ರ ಮಾರ್ಚ್‌ನಲ್ಲಿ ಅದನ್ನು ಬಿಡುಗಡೆ ಮಾಡಿದರು. 2020ರ ನವೆಂಬರ್‌ನಲ್ಲಿ ಅದರ 'ಸ್ಪೆಷಲ್ ಎಡಿಷನ್' ಬಂದಾಗ ಅದು ಆಗಷ್ಟೇ ಮಾರುಕಟ್ಟೆಗಿಳಿದ ಹೊಸ ಕನ್ಸೋಲ್‌ಗಳಿಗೆ ಮೀಸಲು. ಪಿಸಿ ಮತ್ತು ಹಳೆಯ ಕನ್ಸೋಲ್‌ಗಳಿಗೆ ಡಿಸೆಂಬರ್‌ನಲ್ಲಿ ವರ್ಜಿಲ್ ಪಾತ್ರವೊಂದನ್ನೇ ಬಿಡಿಯಾಗಿ ಮಾರಿದರು. ಟರ್ಬೋ ಇಲ್ಲ, ಪರದೆ ತುಂಬ ಶತ್ರುಗಳು ಮುಗಿಬೀಳುವ 'ಲೆಜೆಂಡರಿ ಡಾರ್ಕ್ ನೈಟ್' ಇಲ್ಲ. ಅದೇ ಡಾರ್ಕ್ ನೈಟ್ ನಾಲ್ಕನೆಯ ಗೇಮಿನ ಪಿಸಿ ಆವೃತ್ತಿಯಲ್ಲೇ ಇತ್ತು. ಹಾಗಾಗಿ ಪಿಸಿಗೆ ಅದನ್ನು ತರೋಕಾಗಲ್ಲ ಅಂದರೆ ನಂಬುವುದು ಕಷ್ಟ.

ಹಾಗಂತ ಎಲ್ಲ ಮರುಬಿಡುಗಡೆಯೂ ಲೂಟಿ ಅಂತ ನಾನು ಹೇಳಲ್ಲ. ಗೇಮನ್ನು ಹೊಸ ಯಂತ್ರಕ್ಕೆ ಒಗ್ಗಿಸುವುದಕ್ಕೆ ನೂರಾರು ದಿನಗಳ ದುಡಿಮೆ ಬೇಕು, ದುಡಿದವರಿಗೆ ಸಂಬಳ ಸಿಗಬೇಕು. ಆದರೆ ಸೇರಿಸಿದ್ದು ಯಾವುದು, ತಿದ್ದಿದ್ದು ಯಾವುದು ಅಂತ ಬೇರೆ ಮಾಡಿ ನೋಡಬೇಕು. ಹೊಸ ಪಾತ್ರಕ್ಕೆ ದುಡ್ಡು ಕೇಳಿದರೆ ನ್ಯಾಯ. ಮೊದಲೇ ಇರಬೇಕಾಗಿದ್ದ ಲಾಕ್-ಆನ್‌ಗೆ ಮತ್ತೆ ಕೇಳಿದರೆ, ಸೋರುವ ಮನೆ ಬಾಡಿಗೆಗೆ ಕೊಟ್ಟು, ಸೂರು ರಿಪೇರಿ ಮಾಡಿಸಿ, 'ಹೊಸ ಮನೆ' ಅಂತ ಬಾಡಿಗೆ ಏರಿಸಿದ ಹಾಗೆ.

ನಾವು ನೋಡದೇ ಹೋದ ಗೇಮ್

ನನಗೆ ಈಗಲೂ ನಾಚಿಕೆ ಆಗುವುದು ಬೇರೆ ವಿಷಯಕ್ಕೆ. ಕೂದಲಿನ ಬಗ್ಗೆ ಕಿತ್ತಾಡುವಾಗ ಈ ಗೇಮ್ ಏನು ಹೇಳುತ್ತಿದೆ ಅಂತ ನಾವ್ಯಾರೂ ನೋಡಲೇ ಇಲ್ಲ.

ಇದರ ಮುಖ್ಯ ಖಳ ಮುಂಡಸ್. ಅವನು ಸೂಟು ತೊಟ್ಟ ಬಂಡವಾಳಗಾರನಾಗಿ, ಸಾಲದ ಬಲೆಯಲ್ಲಿ ಜಗತ್ತನ್ನು ಹಿಡಿದಿಟ್ಟುಕೊಂಡಿದ್ದಾನೆ. ಜನ ಕುಡಿಯುವ ತಂಪು ಪಾನೀಯದಲ್ಲಿ ಅವರನ್ನು ಮಂಕು ಮಾಡುವ ದ್ರವ ಬೆರೆತಿದೆ. ಟಿವಿಯಲ್ಲಿ ಬಾಬ್ ಬಾರ್ಬಸ್ ಎಂಬ ನಿರೂಪಕ ಕೂತು ಪ್ರತಿಭಟಿಸುವವರನ್ನೆಲ್ಲ ಭಯೋತ್ಪಾದಕರು ಅನ್ನುತ್ತಾನೆ. ಅಮೆರಿಕದ ಬಲಪಂಥೀಯ ಸುದ್ದಿವಾಹಿನಿಗಳ ಅಣಕ ಅದು. ಅವನ ಜೊತೆಗಿನ ಕಾಳಗದ ಮಧ್ಯೆ ನಿಮ್ಮದೇ ಹೊಡೆದಾಟ ಸುದ್ದಿ ಹೆಲಿಕಾಪ್ಟರಿನ ಕ್ಯಾಮೆರಾದಲ್ಲಿ ಕಾಣುತ್ತದೆ. ನಮ್ಮ ರಾತ್ರಿ ಒಂಬತ್ತರ ಚರ್ಚೆಗಳನ್ನು ನೋಡಿದವರಿಗೆ ಯಾವ ವಿವರಣೆಯೂ ಬೇಡ.

ಕೊನೆಯಲ್ಲಿ ಮುಂಡಸ್ ಸೋಲುತ್ತಾನೆ. ಆಗ ಮುಖವಾಡ ತೊಟ್ಟ ಬಂಡಾಯದ ಗುಂಪನ್ನು ಕಟ್ಟಿ ನಡೆಸಿದ್ದ ವರ್ಜಿಲ್ ತನ್ನ ಮನಸ್ಸು ಬಿಚ್ಚುತ್ತಾನೆ. ಮನುಷ್ಯರು ಬಲಹೀನರು, ಅವರನ್ನು ನಾವು ಆಳಬೇಕು, ಅದು ಅವರ ಒಳ್ಳೆಯದಕ್ಕೇ ಅನ್ನುವುದು ಅವನ ವಾದ. ಜೀವ ಪಣಕ್ಕಿಟ್ಟು ಅವರ ಜೊತೆ ದುಡಿದ ಕ್ಯಾಟ್ ಎಂಬ ಹುಡುಗಿಯನ್ನು ಲೆಕ್ಕಕ್ಕೇ ತಗೊಳ್ಳುವುದಿಲ್ಲ. ಅಣ್ಣನ ವಿರುದ್ಧ ಡಾಂಟೆ ಕತ್ತಿ ಎತ್ತುವುದು ಅಲ್ಲಿಯೇ. ಹೊರಗೆ ನಿಂತ ಶತ್ರುವನ್ನು ಗುರುತಿಸುವುದು ಸುಲಭ, 'ನಿಮ್ಮ ಪರವಾಗಿ ನಾನೇ ತೀರ್ಮಾನಿಸ್ತೀನಿ' ಅನ್ನುವ ನಮ್ಮವನನ್ನು ಗುರುತಿಸುವುದು ಕಷ್ಟ ಅನ್ನುವ ಮಾತನ್ನು ಈ ಗೇಮ್ ತನ್ನ ಒರಟು ಭಾಷೆಯಲ್ಲೇ ಹೇಳಿತ್ತು.

ಅಭಿಮಾನಿಗಳ ಮಾತು ಕೇಳಿದ್ದೇವೆ ಎಂದು ಯಾವ ಕಂಪನಿ ಹೇಳಿದರೂ ನಾನೀಗ ಮೂರು ಪ್ರಶ್ನೆ ಕೇಳ್ತೀನಿ. ಯಾವ ದೂರನ್ನು ಕೇಳಿದಿರಿ, ಯಾವುದನ್ನು ಬಿಟ್ಟಿರಿ? ತಿದ್ದಿದ್ದು ಯಾರಿಗೆ ಸಿಕ್ಕಿತು, ಯಾರು ಹೊರಗೆ ಉಳಿದರು? ದುಡ್ಡು ಕೊಟ್ಟವರು ಯಾರು? ನಾಲ್ಕನೆಯದೊಂದನ್ನು ನನಗೇ ಕೇಳಿಕೊಳ್ತೀನಿ: ನೀನು ಆಡಿ ನೋಡಿ ಮಾತಾಡ್ತಿದ್ದೀಯಾ?

ಗೆಳೆಯನ ರೂಮಿನಲ್ಲಿ ಆವತ್ತು ಅರ್ಧ ಗಂಟೆ ಆಡಿದ ಮೇಲೆ ಅವನು ಕೇಳಿದ: "ಏನೋ, ಕೂದಲು ಹೇಗಿದೆಯೋ?" ನಾನು ಅದನ್ನು ಗಮನಿಸಿಯೇ ಇರಲಿಲ್ಲ. ನನ್ನ ಬೆರಳು ಲಾಕ್-ಆನ್ ಬಟನ್ ಮೇಲಿತ್ತು.